ಮೊದಲು ಮೇಜು ತಿರುಗಿಸು

ಡೊಂಬಿವಲಿ
ಜುಲೈ 6

ಪ್ರೀತಿಯ ಪುಟ್ಟಿ,

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಿನ್ನ ಮುಖವೇ ಕಾಣಲಿಲ್ಲ. ಹಿಂದೆ ಕಿಟಕಿ ಫಳಫಳ, ಮುಂದೆ ನೀನು ಕಪ್ಪು ನೆರಳು. "ಪುಣೆಯಲ್ಲಿ ಕರೆಂಟ್ ಇಲ್ವಾ?" ಎಂದು ನಿನ್ನ ಅತ್ತೆ ಕೇಳಿದಳು. ಸಂಜೆಯಾದರೆ ತಲೆನೋವು, ಇನ್ನೊಂದು ದೊಡ್ಡ ಟ್ಯೂಬ್‌ಲೈಟ್ ಹಾಕಿಸುತ್ತೇನೆ ಅಂದೆಯಲ್ಲ, ಸ್ವಲ್ಪ ತಡೆ. ದುಡ್ಡು ಬಿಚ್ಚುವ ಮೊದಲು ಮೇಜು ತಿರುಗಿಸು.

ಕಿಟಕಿ ಬೆನ್ನಿಗಿದ್ದರೆ ಬೆಳಕು ಸ್ಕ್ರೀನಿಗೆ ಬಡಿದು ನಿನ್ನ ಕಣ್ಣಿಗೇ ಬರುತ್ತದೆ. ಎದುರಿಗಿದ್ದರೆ ಸ್ಕ್ರೀನಿನ ಹಿಂದೆ ಆಕಾಶ ಹೊಳೆಯುತ್ತದೆ, ಅದೂ ಕಷ್ಟ. ಕಿಟಕಿ ಪಕ್ಕಕ್ಕೆ ಬರಬೇಕು. ಯಾವ ಪಕ್ಕ ಅನ್ನುವುದೇ ವಿಷಯ. ನಾನು 31 ವರ್ಷ ಡ್ರಾಯಿಂಗ್ ಬೋರ್ಡ್ ಮುಂದೆ ನಿಂತವನು. ನಮ್ಮ ಆಫೀಸಿನಲ್ಲಿ ಬೆಳಕೆಲ್ಲ ಎಡದಿಂದ ಬರುತ್ತಿತ್ತು, ಬಲಗೈಯ ನೆರಳು ಗೆರೆಯ ಮೇಲೆ ಬೀಳಬಾರದೆಂದು. ಅಲ್ಲಿ ಒಬ್ಬನೇ ಎಡಚ. ಪಾಪ, ದಿನವಿಡೀ ತನ್ನ ಕೈಯ ನೆರಳಿನ ಜೊತೆಯೇ ಜಗಳ. ಒಂದು ದಿನ ಬೆಳಕು ಬಲದಿಂದ ಬರುವ ಹಾಗೆ ಬೋರ್ಡನ್ನೇ ತಿರುಗಿಸಿಕೊಂಡ. ದೊಡ್ಡವರು ಬೈದರು, ಆಮೇಲೆ ಅವನ ಗೆರೆ ನೋಡಿ ಸುಮ್ಮನಾದರು. ನೀನೂ ಎಡಗೈಯವಳೇ, ಅಲ್ವಾ? ಲ್ಯಾಪ್‌ಟಾಪ್ ಪಕ್ಕದಲ್ಲಿ ನೋಟ್‌ಬುಕ್ ಇಟ್ಟು ಬರೆಯುವ ಅಭ್ಯಾಸ ಬೇರೆ. ಹಾಗಾಗಿ ಕಿಟಕಿಯೂ ಟೇಬಲ್ ಲ್ಯಾಂಪೂ ನಿನ್ನ ಬಲಕ್ಕಿರಲಿ.

ನಿನ್ನದು ಪಶ್ಚಿಮದ ಕಿಟಕಿ. ಬೇಸಿಗೆಯಲ್ಲಿ ನಾಲ್ಕು ಗಂಟೆಯ ಬಿಸಿಲು ನೇರ ಒಳಗೆ ಬರುತ್ತದೆ, ತೆಳು ಬಿಳಿ ಪರದೆ ಸಾಕು. ದಪ್ಪ ಪರದೆ ಎಳೆದು ಹಗಲಲ್ಲೇ ದೀಪ ಹಾಕಿಕೊಳ್ಳಬೇಡ. ಈಗಿನ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಕಥೆ ಬೇರೆ, ಆಗ ಹಾಕು.

ದೀಪದ ಲೆಕ್ಕ ಹೇಳುತ್ತೇನೆ. ವ್ಯಾಟ್ ನೋಡಿ ಕೊಳ್ಳಬೇಡ. ಅದು ಕರೆಂಟ್ ಎಷ್ಟು ತಿನ್ನುತ್ತದೆ ಅನ್ನುವುದಷ್ಟೇ. ಬಲ್ಬು ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಲೆಕ್ಕ ಲುಮೆನ್, ಅದರಲ್ಲಿ ಒಂದು ಜಾಗದ ಮೇಲೆ ಎಷ್ಟು ಬೀಳುತ್ತದೆ ಅನ್ನುವುದು ಲಕ್ಸ್. ಒಳ್ಳೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಸುಮಾರು 900 ಲುಮೆನ್ ಕೊಡುತ್ತದೆ. ಓದಿ ಬರೆಯುವ ಮೇಜಿನ ಮೇಲೆ 500 ಲಕ್ಸ್ ಬೆಳಕು ಬಿದ್ದರೆ ಸಾಕು. ಹತ್ತಿರದ ಲ್ಯಾಂಪ್‌ನಿಂದ ಅಷ್ಟು ಸುಲಭವಾಗಿ ಸಿಗುತ್ತದೆ. ಚಾವಣಿಯ ಟ್ಯೂಬನ್ನೇ ನಂಬಿದರೆ ನಿನ್ನ ತಲೆಯ ನೆರಳೇ ಪುಸ್ತಕದ ಮೇಲೆ ಕೂರುತ್ತದೆ. ಆದರೆ ಆ ಟ್ಯೂಬನ್ನು ಆಫ್ ಮಾಡಬೇಡ. ಕತ್ತಲ ಕೋಣೆಯಲ್ಲಿ ಲ್ಯಾಂಪ್ ಒಂದೇ ಉರಿದರೆ ಕಣ್ಣು ಬೆಳಕಿಗೂ ಕತ್ತಲೆಗೂ ಹೊಂದಿಕೊಳ್ಳುತ್ತಲೇ ದಣಿಯುತ್ತದೆ.

ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತದೆ, ಅದು ಬೆಳಕಿನ ಬಣ್ಣ ಹೇಳುತ್ತದೆ. 6500 ಅಂದರೆ ನೀಲಿ ಬೆರೆತ ಬಿಳಿ, ಅಂಗಡಿಯವರಿಗೆ ಬಲು ಇಷ್ಟ. ನನಗೆ ಅದು ಔಷಧಿ ಅಂಗಡಿಯ ಬೆಳಕು. ಹಗಲಿಗೆ 4000 ತಗೋ. ಅಮೆರಿಕದವರ ಜೊತೆ ರಾತ್ರಿ ಮೀಟಿಂಗ್ ಇದ್ದಾಗ 2700ರ ಹಳದಿ ಬಲ್ಬು ಹಾಕು, ನಿದ್ದೆಗೆ ಅಡ್ಡಿ ಕಡಿಮೆ. ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕಿ ಸಿಆರ್‌ಐ, ಅದು 80ಕ್ಕಿಂತ ಕಡಿಮೆ ಬೇಡ. ನೀನು ಬಣ್ಣದ ಕೆಲಸ ಮಾಡುವವಳಾಗಿದ್ದರೆ 90 ಎನ್ನುತ್ತಿದ್ದೆ.

ಮಿನುಗುವ ಬಲ್ಬು ಮಾತ್ರ ಬೇಡವೇ ಬೇಡ. ಹಗಲು ಮುಂಬಯಿ ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ಅದು ನನ್ನ ಹುಡುಗತನ. ತಲೆಯ ಮೇಲೆ ಹಳೇ ಟ್ಯೂಬಿನ ಚೋಕ್ ಗುಂಯ್ ಎನ್ನುತ್ತಿತ್ತು. ಅಕ್ಷರ ನಡುಗಿದ ಹಾಗೆ ಕಾಣುತ್ತಿತ್ತು. ನಿದ್ದೆ ಕಡಿಮೆಯಾಗಿ ಹೀಗೆ ಎಂದುಕೊಂಡಿದ್ದೆ. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು, ಸುತ್ತಿಗೆ ಎರಡು ಸಲದಂತೆ ಅಂಥ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಗ್ಗದ ಎಲ್‌ಇಡಿಯೂ ಹೀಗೇ ಮಾಡುತ್ತದೆ. ನಿಮ್ಮ ಪುಣೆಯ ಕರೆಂಟ್ ಸಾಮಾನಿನ ಪೇಟೆ ತಾಪಕೀರ್ ಗಲ್ಲಿಯಲ್ಲಿ ಬಲ್ಬು ಕೊಳ್ಳುವಾಗ ಉರಿಸಿ ತೋರಿಸುತ್ತಾರೆ. ಆಗ ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡು. ಪಟಪಟ ಎಂದರೆ ವಾಪಸ್ ಕೊಡು, ನಾಚಿಕೆ ಬೇಡ.

ಇಷ್ಟಾದರೂ ತಲೆನೋವು ನಿಲ್ಲದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗು.

ಲ್ಯಾಂಪ್ ಕೊಳ್ಳಬೇಡ, ಬಲ್ಬು ಮಾತ್ರ ತಂದಿಡು. ನನ್ನ ಬೋರ್ಡಿಗೆ ಕಚ್ಚಿಸುತ್ತಿದ್ದ ಕತ್ತು ತಿರುಗುವ ಲ್ಯಾಂಪ್ ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ವೈರ್ ಹೊಸದು ಹಾಕಿಸಿದ್ದೇನೆ. ಬರುವ ಶನಿವಾರ ಕಲ್ಯಾಣದಲ್ಲಿ ರೈಲು ಹಿಡಿದು ನಾನೇ ತರುತ್ತೇನೆ. ಅಷ್ಟರೊಳಗೆ ಮೇಜು ತಿರುಗಿರಬೇಕು.

ನಿನ್ನ
ಮಾವ