ನಕ್ಷೆಯ ತಪ್ಪಿಗೆ ಗಾರೆಯವನ ತಲೆದಂಡ ಬೇಡ: ಲೋಕೋಪಯೋಗಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕೋಪಯೋಗಿ ಸಚಿವರಿಗೆ,

ದಾವಣಗೆರೆಯಿಂದ ನಮಸ್ಕಾರ. ಸರ್ಕಾರಿ ಕಟ್ಟಡ ಬಿರುಕು ಬಿಟ್ಟರೂ ಸೇತುವೆ ಕುಸಿದರೂ ಜನ ಮೊದಲು ಬೈಯುವುದು ಗುತ್ತಿಗೆದಾರನನ್ನು. ಎಷ್ಟೋ ಸಲ ಅದು ನ್ಯಾಯವೇ. ಸಿಮೆಂಟು ನುಂಗಿದವನು, ಕಬ್ಬಿಣ ಕಡಿಮೆ ಹಾಕಿದವನು, ಕ್ಯೂರಿಂಗ್‌ಗೆ ನೀರು ಹೊಡೆಸದೆ ಬಿಲ್ಲಿಗೆ ಓಡಿದವನು ನಮ್ಮ ನಡುವೆಯೇ ಇದ್ದಾನೆ. ಅವನಿಗೆ ಯಾವ ರಕ್ಷಣೆಯೂ ಬೇಡ. ಕಪ್ಪುಪಟ್ಟಿಗೆ ಸೇರಿಸಿ, ಕೇಸು ಹಾಕಿ. ನಾನು ಬರೆಯುತ್ತಿರುವುದು ಇನ್ನೊಬ್ಬನ ಪರವಾಗಿ. ಇಲಾಖೆ ಕೊಟ್ಟ ನಕ್ಷೆಯಂತೆಯೇ ಕಟ್ಟಿ, ನಕ್ಷೆ ಸರಿಯಿಲ್ಲ ಎಂದು ಮೊದಲೇ ಹೇಳಿಯೂ ಕೊನೆಗೆ ಒಬ್ಬನೇ ಸಿಕ್ಕಿಬೀಳುವವನ ಪರವಾಗಿ.

ಚರಂಡಿ, ಶಾಲಾ ಕೊಠಡಿ, ಅಂಗನವಾಡಿ, ಹೀಗೆ ಈ ಜಿಲ್ಲೆಯಲ್ಲಿ ಸಣ್ಣಪುಟ್ಟ ಸರ್ಕಾರಿ ಕಾಮಗಾರಿ ಮಾಡಿಕೊಂಡು ಬಂದವನು ನಾನು. ನಮ್ಮ ಕಡೆ ಊರಿಂದೂರಿಗೆ ಮಣ್ಣು ಬೇರೆ. ಇಲ್ಲಿ ಗಟ್ಟಿ ಗರಸು ಸಿಕ್ಕರೆ ಎರಡು ಮೈಲಿ ಆಚೆ ಆಳವಾದ ಎರೆ. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಮಾಮೂಲಿ ಪಾಯ ಹಾಕಿದರೆ ಗೋಡೆ ಸೀಳುತ್ತದೆ ಎಂದು ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಎರೆ ತೆಗೆದು ಗರಸು ತುಂಬಿ ದಿಮ್ಮಸು ಹೊಡೆಯಬೇಕು, ಇಲ್ಲವೇ ಅಂಡರ್-ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬ, ನೆಲದೊಳಗೆ ಇಳಿಸಬೇಕು. ಆದರೆ ನನ್ನ ಕೈಗೆ ಬಂದ ಅಂಗನವಾಡಿ ಕೆಲಸಗಳಿಗೆಲ್ಲ ಒಂದೇ ಮಾದರಿ ನಕ್ಷೆ, ಪಾಯಕ್ಕೂ ಒಂದೇ ಲೆಕ್ಕ.

ಅಂಥ ಒಂದು ಕಟ್ಟಡಕ್ಕೆ ಪಾಯ ತೋಡಿದಾಗ ಎಷ್ಟು ಇಳಿದರೂ ಎರೆಯೇ. ಮಣ್ಣು ಪರೀಕ್ಷೆ ಮಾಡಿಸಿ, ಪಾಯದ ಎಸ್ಟಿಮೇಟ್ ಬದಲಿಸಿ ಎಂದು ಪತ್ರ ಬರೆದು ಕಚೇರಿಗೆ ಒಯ್ದೆ. ತೆಗೆದುಕೊಂಡದ್ದಕ್ಕೆ ಸೀಲು ಹಾಕಿ ಕೊಡಲು ಒಪ್ಪಲಿಲ್ಲ. ‘ಎಸ್ಟಿಮೇಟ್ ಸ್ಯಾಂಕ್ಷನ್ ಆಗಿದೆ, ಡ್ರಾಯಿಂಗ್ ಪ್ರಕಾರ ಮಾಡ್ರಿ, ಮಾರ್ಚ್ ಒಳಗೆ ಬಿಲ್ ಆಗ್ಬೇಕು’ ಅಂದರು. ಹಾಗೇ ಮಾಡಿದೆವು. ಗಟ್ಟಿತನದ ಪರೀಕ್ಷೆಗೆ ಕಾಂಕ್ರೀಟಿನ ಕ್ಯೂಬ್ (ಅಚ್ಚಿನ ತುಂಡು) ತೆಗೆದು, ಹಸಿಯಿರುವಾಗಲೇ ಮೊಳೆಯಿಂದ ತಾರೀಖು ಗೀಚಿ, 28 ದಿನ ನೀರಿನಲ್ಲಿಟ್ಟು ಒತ್ತಿಸಿದೆವು. ಎಲ್ಲವೂ ಪಾಸಾದವು. ಎರಡನೇ ಬೇಸಿಗೆಗೆ ಕಿಟಕಿಯ ಕೆಳಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಪಾಯದವರೆಗೆ ಇಳಿದಿತ್ತು, ಬೆರಳ ತುದಿ ಹೋಗುವಷ್ಟು. ದೋಷ ಹೊಣೆಗಾರಿಕೆ ಅವಧಿ (ಕೆಲಸ ಮುಗಿದ ಮೇಲೂ ದೋಷಕ್ಕೆ ಗುತ್ತಿಗೆದಾರ ಹೊಣೆಯಾಗಿರುವ ಕಾಲ) ಮುಗಿದಿಲ್ಲ, ಸ್ವಂತ ಖರ್ಚಿನಲ್ಲಿ ಸರಿಪಡಿಸಿ, ಇಲ್ಲದಿದ್ದರೆ ಠೇವಣಿ ಮುಟ್ಟುಗೋಲು ಎಂದು ನೋಟಿಸು ಬಂತು. ನನ್ನ ಕ್ಯೂಬಿಗೆ ದಾಖಲೆ ಇದೆ, ನನ್ನ ಎಚ್ಚರಿಕೆಗೆ ಇಲ್ಲ.

ಇದು ದುಡ್ಡಿನ ಮಾತು, ಹೇಗೋ ತಡೆದುಕೊಳ್ಳಬಹುದು. ಜೀವ ಹೋದರೆ? ನಿರ್ಲಕ್ಷ್ಯದಿಂದಾದ ಸಾವಿಗೆ ಹಳೆಯ ದಂಡ ಸಂಹಿತೆಯಲ್ಲಿ 2 ವರ್ಷದವರೆಗೆ ಇದ್ದ ಜೈಲು, 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷದವರೆಗೆ ಏರಿದೆ. ಸರ್ಕಾರದ ಒಪ್ಪಿಗೆಯಿಲ್ಲದೆ ಹುದ್ದೆಯಿಂದ ತೆಗೆಯಲಾಗದ ಅಧಿಕಾರಿಯನ್ನು ಕರ್ತವ್ಯದ ವಿಷಯದಲ್ಲಿ ವಿಚಾರಣೆಗೆ ಒಳಪಡಿಸಬೇಕಾದರೆ ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನಂತೆ ಪೂರ್ವಾನುಮತಿ ಬೇಕು. ಗುತ್ತಿಗೆದಾರನಿಗಾಗಲಿ, ಅವನ ಮೇಸ್ತ್ರಿಗಾಗಲಿ ಅಂಥ ತಡೆಗೋಡೆ ಇಲ್ಲ. ನಮಗೂ ಅದು ಬೇಕೆಂದು ನಾನು ಕೇಳುತ್ತಿಲ್ಲ. ಸತ್ತವರ ಮನೆಯವರನ್ನು ಇನ್ನಷ್ಟು ವರ್ಷ ಅಲೆಸುವ ರಕ್ಷಣೆ ಯಾರಿಗೂ ಸಲ್ಲದು.

ಅಮೆರಿಕದ ಸುಪ್ರೀಂ ಕೋರ್ಟು ಈ ಗಂಟನ್ನು ಬಿಡಿಸಿದ ರೀತಿ ನೋಡಿ. ಮಿಸೌರಿ ನದಿಯಲ್ಲಿ ಸರ್ಕಾರಕ್ಕಾಗಿ ಒಡ್ಡು ಕಟ್ಟಿದ್ದರಿಂದ ಜಮೀನು ಕೊಚ್ಚಿಹೋಯಿತೆಂಬ ದಾವೆಯಲ್ಲಿ, ಕಾನೂನುಬದ್ಧ ಅಧಿಕಾರದಡಿ ಸರ್ಕಾರ ಹೇಳಿದ್ದನ್ನೇ ಮಾಡಿದ ಗುತ್ತಿಗೆದಾರ ಹೊಣೆಯಲ್ಲ, ಪರಿಹಾರವನ್ನು ಸರ್ಕಾರದಿಂದ ಕೇಳಿ ಎಂದು 1940ರಲ್ಲಿ ತೀರ್ಪಾಯಿತು. 1988ರ ಇನ್ನೊಂದು ಪ್ರಕರಣ ಸೇನೆಯ ಹೆಲಿಕಾಪ್ಟರ್ ತಯಾರಕರದು. ಅಲ್ಲಿ ಕೋರ್ಟು ಷರತ್ತು ಬಿಗಿ ಮಾಡಿತು. ಖಚಿತ ವಿನ್ಯಾಸವನ್ನು ಸರ್ಕಾರ ಒಪ್ಪಿರಬೇಕು, ವಸ್ತು ಅದರಂತೆಯೇ ಇರಬೇಕು, ಸರ್ಕಾರಕ್ಕೆ ತಿಳಿಯದ ಅಪಾಯ ತನಗೆ ತಿಳಿದಿದ್ದರೆ ತಯಾರಕ ಅದನ್ನು ಹೇಳಿರಬೇಕು. ಈ ಮೂರನೆಯದನ್ನು ದಯವಿಟ್ಟು ಗಮನಿಸಿ. ರಕ್ಷಣೆ ಬೇಕಾದವನು ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ.

ನನಗೆ ಬೇಕಾದದ್ದೂ ಅದೇ. ರಾಜ್ಯದ ಸರ್ಕಾರಿ ಕಾಮಗಾರಿಗಳಿಗೆ ಬಳಸುವ ಕೆಡಬ್ಲ್ಯೂ ಮಾದರಿ ಟೆಂಡರ್ ದಾಖಲೆಗಳಲ್ಲಿ ಒಂದು ಷರತ್ತು ಸೇರಿಸಿ: ಗುತ್ತಿಗೆದಾರ ವಿನ್ಯಾಸದ ದೋಷವನ್ನು ಬರೆದು ಕೊಟ್ಟರೆ ಕಚೇರಿ ಸೀಲು ಹಾಕಿ ಸ್ವೀಕರಿಸಬೇಕು, ಗೊತ್ತುಪಡಿಸಿದ ದಿನಗಳೊಳಗೆ ಎಂಜಿನಿಯರು ಲಿಖಿತವಾಗಿ ಉತ್ತರಿಸಬೇಕು, ಅಲ್ಲಿಯವರೆಗೆ ಆ ಭಾಗದ ಕೆಲಸ ನಿಲ್ಲಬೇಕು, ನಿಂತ ದಿನಗಳಿಗೆ ದಂಡ ಹಾಕಬಾರದು. ‘ಹಾಗೇ ಕಟ್ಟಿ’ ಎಂದು ಬರೆದುಕೊಟ್ಟರೆ ಆ ದೋಷದ ಹೊಣೆ ಇಲಾಖೆಯದು, ಕಟ್ಟಿದ ಗುಣಮಟ್ಟದ ಹೊಣೆ ಪೂರ್ತಿ ನಮ್ಮದು. ಬಾಯಿಮಾತಿನ ಸೂಚನೆಗೆ ಬೆಲೆಯೇ ಇರಬಾರದು. ಮಾರ್ಚ್ ತಿಂಗಳ ಅವಸರವೂ ಆಗ ತಾನಾಗಿ ತಗ್ಗುತ್ತದೆ.

ನೊಂದವರ ವಿಷಯದಲ್ಲಿ ಮಾತ್ರ ಈ ಹಂಚಿಕೆಯ ಜಗಳ ಅಡ್ಡ ಬರಬಾರದು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ, ಕಟ್ಟಡದ ಮಾಲೀಕನಾದ ಪಾಲಿಕೆಯೇ ಪರಿಹಾರ ಕೊಡಬೇಕೆಂದು ನಮ್ಮ ಸುಪ್ರೀಂ ಕೋರ್ಟು 1966ರಲ್ಲೇ ಹೇಳಿದೆ. ಸರ್ಕಾರ ಮೊದಲು ಪರಿಹಾರ ಕೊಡಲಿ, ಆಮೇಲೆ ತಪ್ಪು ಯಾರದೋ ಅವರಿಂದ ವಸೂಲಿ ಮಾಡಲಿ.

ಇನ್ನು ಬಂಧನದ ವಿಚಾರ. ವೈದ್ಯರ ನಿರ್ಲಕ್ಷ್ಯದ ಪ್ರಕರಣಗಳಲ್ಲಿ ಸ್ವತಂತ್ರ ತಜ್ಞರ ಅಭಿಪ್ರಾಯ ಪಡೆದೇ ಮುಂದುವರಿಯಬೇಕೆಂದು ನಮ್ಮ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಇದೆ. ಕಟ್ಟಡ ಕುಸಿತದ ಪ್ರಕರಣಕ್ಕೂ ಅಂಥದೇ ಕ್ರಮ ಬರುವಂತೆ ಗೃಹ ಇಲಾಖೆಯೊಂದಿಗೆ ತಾವು ಮಾತಾಡಬೇಕು. ತಜ್ಞರಿಗಾಗಿ ದೂರ ಹೋಗಬೇಕಿಲ್ಲ. ನಮ್ಮೂರಿನ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಿಂದ ಇದೆ. ಮಣ್ಣು, ಕಬ್ಬಿಣ, ಕಾಂಕ್ರೀಟು ತೆಗೆದು ಅಲ್ಲಿಗೆ ಕಳಿಸಲಿ, ವರದಿ ಏನು ಬಂದರೂ ಸಾರ್ವಜನಿಕರ ಮುಂದಿಡಲಿ. ನನ್ನ ಕೆಲಸದಲ್ಲೇ ಕಳಪೆ ಎಂದು ಬಂದರೆ ಮೊದಲ ನೋಟಿಸು ನನಗೇ ಬರಲಿ.

ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಗುತ್ತಿಗೆದಾರ