ಮೂರನೆಯ ಚುಚ್ಚುಮದ್ದನ್ನು ಬಿಡಬೇಡ, ಮಗಳೇ

ಚಳ್ಳಕೆರೆ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾಳೆ ಬೆಳಗಿನ ಮೊದಲ ಬಸ್ಸಿಗೆ ನಿನ್ನ ಅಮ್ಮ ದಾವಣಗೆರೆಗೆ ಹೊರಡುತ್ತಾಳೆ. ಈ ಪತ್ರವನ್ನು ಅವಳ ಕೈಗೇ ಕೊಡುತ್ತಿದ್ದೇನೆ. ನಿನ್ನೆ ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಓದಿ ಮುಗಿಸಿದ ಮೇಲೂ ಕೋಪ ಉಳಿದಿದ್ದರೆ ಇರಲಿ. ಆದರೆ ಅಮ್ಮನ ಜೊತೆ ಚಿಗಟೇರಿ ಆಸ್ಪತ್ರೆಗೆ ಹೋಗಿ, ನಿನ್ನ ನಾಯಿಮರಿ ಕರಿಯ ಕಚ್ಚಿದ್ದಕ್ಕೆ ಕೊಡುತ್ತಿರುವ ರೇಬೀಸ್ ಲಸಿಕೆಯಲ್ಲಿ ನೀನು ಶನಿವಾರ ತಪ್ಪಿಸಿದ ಮೂರನೆಯ ಚುಚ್ಚುಮದ್ದನ್ನು ನಾಳೆಯೇ ಹಾಕಿಸಿಕೊ. ಬ್ಯಾಂಕಿಗೆ ಅರ್ಧ ದಿನ ರಜೆ ಬರೆದು ಕೊಡು. ಲೆಕ್ಕ ತಪಾಸಣೆಯ ಕೆಲಸ ಒಂದು ಹೊತ್ತು ಕಾಯುತ್ತದೆ.

ಮೊದಲು ನಿನ್ನ ಮಾತನ್ನೇ ತೆಗೆದುಕೊಳ್ಳುತ್ತೇನೆ. “ಕರಿಯ ಆಡಿಕೊಂಡು, ತಿಂದುಕೊಂಡು ಚೆನ್ನಾಗಿದ್ದಾನೆ. ಕಚ್ಚಿದ ನಾಯಿ ಹತ್ತು ದಿನ ಬದುಕಿದ್ದರೆ ಭಯವಿಲ್ಲವಂತೆ” ಎಂದೆ. ಹತ್ತು ದಿನದ ಈ ಲೆಕ್ಕ ಸುಳ್ಳಲ್ಲ. ರೇಬೀಸ್ ವೈರಾಣು ನಾಯಿಯ ನರಗಳ ಮೂಲಕ ಮೆದುಳನ್ನು ಸೇರಿ, ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ವೈರಾಣು ಬಂದ ನಾಯಿ ಕೆಲವೇ ದಿನಗಳಲ್ಲಿ ರೋಗದ ಲಕ್ಷಣ ತೋರಿಸಿ ಸಾಯುತ್ತದೆ. ಆದ್ದರಿಂದ ಕಚ್ಚಿ ಹತ್ತು ದಿನ ಕಳೆದ ಮೇಲೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯಬಹುದು. ಆದರೆ ಚುಚ್ಚುಮದ್ದನ್ನು ಕ್ರಮವಾಗಿ ತೆಗೆದುಕೊಳ್ಳುತ್ತಿರುವವರಿಗೆ ಕೊನೆಯ ಡೋಸ್ ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸಲಿಕ್ಕಾಗಿ ಆ ಲೆಕ್ಕವಿದೆ. ಚುಚ್ಚುಮದ್ದು ನಿಲ್ಲಿಸಿ ನಾಯಿಯ ಮುಖ ನೋಡುತ್ತಾ ಕೂರಲಿಕ್ಕಲ್ಲ. ಅಲ್ಲದೆ ನೀನು ಹಾಗೆಂದ ದಿನ ಏಳನೆಯದು. ಬೆಳಿಗ್ಗೆ ಹೊರಟರೆ ಸಂಜೆ ಮನೆ ಸೇರುವ ನೀನು ಆ ಮರಿಯನ್ನು ದಿನದಲ್ಲಿ ಎಷ್ಟು ಹೊತ್ತು ಗಮನಿಸಿದ್ದೀಯೆ ಎಂಬುದನ್ನು ನೀನೇ ಯೋಚಿಸು.

ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ಕ್ರಮ ನಿನ್ನ ಚೀಟಿಯಲ್ಲೇ ಬರೆದಿದೆ: ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7 ಮತ್ತು 28ನೆಯ ದಿನ, ಪ್ರತಿ ಸಲವೂ ಎರಡು ತೋಳುಗಳಿಗೆ 0.1 ಮಿಲಿಲೀಟರಿನಂತೆ. ಒಂದು ದಿನ ತಪ್ಪಿತೆಂದು ಮೊದಲಿನಿಂದ ಶುರುಮಾಡಬೇಕಾಗಿಲ್ಲ, ತಪ್ಪಿದ್ದನ್ನು ಆದಷ್ಟು ಬೇಗ ಹಾಕಿಸಿಕೊಂಡು ಮುಂದುವರಿದರೆ ಸಾಕು. ಗಾಯದಿಂದ ರಕ್ತ ಬಂದಿದ್ದರಿಂದ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ದಾರೆ. ಚೀಟಿಯಲ್ಲಿ ಅದನ್ನು ಓದಿದಾಗಲೇ ನಾನು ಉಸಿರು ಬಿಟ್ಟದ್ದು. ಅದು ವೈರಾಣುವಿನೊಡನೆ ಹೋರಾಡುವ ಸಿದ್ಧ ಪ್ರತಿಕಾಯ, ಕೆಲವು ವಾರ ಮಾತ್ರ ಕಾಪಾಡುತ್ತದೆ. ಅಷ್ಟರೊಳಗೆ ನಿನ್ನ ದೇಹ ತನ್ನ ಪ್ರತಿಕಾಯವನ್ನು ತಾನೇ ತಯಾರಿಸಿಕೊಳ್ಳಬೇಕು, ಆ ಕೆಲಸ ಲಸಿಕೆಯದು. ಕಚ್ಚಿದ ಕೂಡಲೇ ನಲ್ಲಿಯ ಕೆಳಗೆ ಕೈಯಿಟ್ಟು ಹದಿನೈದು ನಿಮಿಷ ಸಾಬೂನಿನಿಂದ ತೊಳೆದೆ ಎಂದೆಯಲ್ಲ, ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು. ದನಿ ಏರಿಸುವ ಗದ್ದಲದಲ್ಲಿ ಅದನ್ನು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿದ್ದ ನಾಯಿಗಳ ಕಥೆ ನಿನಗೆ ನನಗಿಂತ ಚೆನ್ನಾಗಿ ನೆನಪಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ ಒಂದನ್ನು ಬರೆಯುತ್ತೇನೆ. ನನ್ನ ಚಿಕ್ಕಪ್ಪನ ಮಗ ಚಿಕ್ಕವನಿದ್ದಾಗಲೇ ಜ್ವರ ಬಂದು ತೀರಿಕೊಂಡನೆಂದು ನಿಮ್ಮಜ್ಜಿ ಹೇಳುತ್ತಿದ್ದಳು. ಅವನು ಜ್ವರದಿಂದ ಸಾಯಲಿಲ್ಲ.

ಅವನು ನನಗಿಂತ ಸ್ವಲ್ಪ ದೊಡ್ಡವನು. ನಮ್ಮ ಕುರಿಮಂದೆಯ ಹಿಂದೆ ತೋಳ ಕಾಯಲು ಎರಡು ಮೂರು ನಾಯಿಗಳು ಯಾವಾಗಲೂ ಇರುತ್ತಿದ್ದವು, ಅವುಗಳಲ್ಲೊಂದು ಹಾಕಿದ ಮರಿಯನ್ನು ಅವನು ತನ್ನದೆಂದು ಸಾಕಿಕೊಂಡಿದ್ದ. ರಾತ್ರಿ ಕಂಬಳಿಯೊಳಗೆ ಸೇರಿಸಿಕೊಂಡು ಮಲಗುತ್ತಿದ್ದ. ಒಂದು ದಿನ ಆ ಮರಿ ಗಾಡಿಯ ಕೆಳಗೆ ಕತ್ತಲೆಯಲ್ಲಿ ಹೋಗಿ ಕುಳಿತಿತು, ಕರೆದರೂ ಬರಲಿಲ್ಲ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಅವನು ಬೆರಳು ಹಾಕಿ ಹುಡುಕಿದ, ಬೆರಳಿಗೆ ಹಲ್ಲು ತಾಗಿತು. ಹುಚ್ಚುನಾಯಿ ಎಂದರೆ ಬೊಗಳುತ್ತಾ ಕಂಡಕಂಡವರನ್ನು ಕಚ್ಚುತ್ತಾ ಓಡುವ ನಾಯಿಯೆಂದು ಮಾತ್ರ ನಮಗೆ ಗೊತ್ತಿತ್ತು. ಹೀಗೆ ಸದ್ದಿಲ್ಲದೆ ಮೂಲೆ ಸೇರಿ, ಲಕ್ವ ಹೊಡೆದಂತೆ ಬೀಳುವ ಬಗೆಯೂ ಉಂಟೆಂದು, ಮೂರು ತಿಂಗಳು ತುಂಬದ ಮರಿಗೂ ಅದು ಬರಬಹುದೆಂದು ಆ ಹಟ್ಟಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮರಿ ಸತ್ತಿತು. ಬೈಗುಳಕ್ಕೆ ಹೆದರಿ ಬೆರಳಿನ ಗಾಯವನ್ನು ಅವನು ಮುಚ್ಚಿಟ್ಟ. ಗೊತ್ತಾದ ಮೇಲೆ ಮನೆಯಲ್ಲಿ ಸುಣ್ಣ, ಕಾರದ ಪುಡಿ ಹಚ್ಚಿದರು, ಯಾರೋ ಕೊಟ್ಟ ಬೇರು ಅರೆದು ಕುಡಿಸಿದರು. ಕೊನೆಗೆ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆಗ ಕೊಡುತ್ತಿದ್ದದ್ದು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂತೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2005ರ ಹೊತ್ತಿಗೆ. ಹೊಟ್ಟೆ ಊದಿಕೊಂಡು ನೋಯುತ್ತದೆಂದು ಅವನು ಅಳುತ್ತಿದ್ದ. ಅಷ್ಟರಲ್ಲಿ ಭದ್ರಾ ಕಾಲುವೆಯ ಕಡೆಯ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಹೊರಡುವ ಕಾಲ ಬಂದಿತು, ಹುಡುಗ ಆಡಿಕೊಂಡು ಚೆನ್ನಾಗಿಯೂ ಇದ್ದ. ಸೂಜಿಗಳು ಅರ್ಧಕ್ಕೆ ನಿಂತವು. “ಚೆನ್ನಾಗಿದ್ದಾನೆ” ಎಂಬ ಇದೇ ಮಾತನ್ನು ನೀನು ನಿನ್ನೆ ಕರಿಯನ ವಿಷಯದಲ್ಲಿ ಹೇಳಿದೆ, ನನ್ನ ದನಿ ಏರಿದ್ದು ಅಲ್ಲಿಗೆ.

ಎರಡು ತಿಂಗಳ ಮೇಲೆ ಅವನನ್ನು ಲಾರಿಯಲ್ಲಿ ಊರಿಗೆ ತಂದರು. ಅವನೇ ನೀರು ಕೇಳಿದ, ಮಗಳೇ. ಬಾಯಾರಿಕೆಯೆಂದು ಬಾಯಿಬಿಟ್ಟು ಕೇಳಿದ. ನಿಮ್ಮ ಮುತ್ತಜ್ಜಿ ಚೊಂಬನ್ನು ತುಟಿಯ ಹತ್ತಿರ ತಂದೊಡನೆ ಅವನ ಗಂಟಲು ಸೆಟೆದುಕೊಂಡು ಇಡೀ ಮೈ ನಡುಗಿತು. ಚೊಂಬು ದೂರ ಹೋದ ಮೇಲೆ ಮತ್ತೆ ನೀರು ಕೇಳಿದ. ಬೀಸಣಿಗೆಯ ಗಾಳಿ ತಾಕಿದರೂ ಹಾಗೆಯೇ ಆಗುತ್ತಿತ್ತು. ನಡುನಡುವೆ ಬುದ್ಧಿ ಪೂರ್ತಿ ನೆಟ್ಟಗಿರುತ್ತಿತ್ತು, ನನ್ನ ಹೆಸರು ಹಿಡಿದು ಕರೆದು ಕುರಿಮರಿಗಳಿಗೆ ಸೊಪ್ಪು ಹಾಕಿದೆಯಾ ಎಂದು ವಿಚಾರಿಸಿದ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಅಂದು ಇರಲಿಲ್ಲ, ಇಂದಿಗೂ ಇಲ್ಲ. ನಿನ್ನಂತೆ ಓದಿದವಳಿಗೆ ಇದನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತೆಂದು ನನಗೂ ಗೊತ್ತು. ಆದರೆ ಅವನು ನೀರು ಕೇಳಿದ್ದು, ಚೊಂಬು ಹತ್ತಿರ ಬಂದದ್ದು, ಮತ್ತೆ ಕೇಳಿದ್ದು ಇಷ್ಟು ವರ್ಷಗಳಾದರೂ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ನಿನ್ನೆ ನೀನು ಫೋನ್ ಇಟ್ಟ ಮೇಲೆ ರಾತ್ರಿಯೆಲ್ಲ ಅದೇ ಕಾಣಿಸಿತು.

ಪಶು ಆಸ್ಪತ್ರೆಯಲ್ಲಿ ಪರೀಕ್ಷಕನಾಗಿದ್ದ ಕಾಲದಲ್ಲಿಯೂ ಇದು ನನ್ನನ್ನು ಬಿಡಲಿಲ್ಲ. ಹುಚ್ಚುನಾಯಿ ಕಚ್ಚಿದ ಹಸು ಒಂದೇ ಸಮನೆ ಒಡೆದ ದನಿಯಲ್ಲಿ ಅರಚುತ್ತಾ, ಮೇವು ನುಂಗಲಾರದೆ ಜೊಲ್ಲು ಸುರಿಸುತ್ತಾ ನಿಂತಿರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ರೈತರು ಮೊಣಕೈವರೆಗೆ ಕೈ ಹಾಕಿ ನೋಡಿರುತ್ತಾರೆ. ಅಂಥವರನ್ನು ನಾನೇ ಮೋಟಾರು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ದನ, ನಾಯಿಗಳ ಜೊತೆ ಕೆಲಸ ಮಾಡುವ ನಮ್ಮಂಥವರು ಕಚ್ಚಿಸಿಕೊಳ್ಳುವ ಮುಂಚೆಯೇ ಲಸಿಕೆ ಪಡೆಯಬೇಕು, ನಾನೂ ಪಡೆದಿದ್ದೇನೆ. ಇದರಲ್ಲಿ ನಿನಗೂ ಒಂದು ಲಾಭವಿದೆ. ಈ ಸುತ್ತನ್ನು ನೀನು ಪೂರ್ತಿ ಮುಗಿಸಿದರೆ, ಮುಂದೆ ಎಂದಾದರೂ ನಾಯಿ ಕಚ್ಚಿದಾಗ 0 ಮತ್ತು 3ನೆಯ ದಿನದ ಎರಡೇ ಚುಚ್ಚುಮದ್ದು ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಬೀದಿ ನಾಯಿಗಳಿಗೆ ಅನ್ನ ಹಾಕುವುದನ್ನು ನೀನು ಬಿಡುವವಳಲ್ಲ, ಬಿಡು ಎಂದು ನಾನೂ ಹೇಳುವುದಿಲ್ಲ. ಚೀಟಿಯನ್ನು ಜೋಪಾನವಾಗಿ ಇಟ್ಟುಕೊ.

ಇನ್ನು ಕರಿಯನ ವಿಷಯ. “ಆ ಬೀದಿ ಕುನ್ನಿಯನ್ನು ಈಗಲೇ ಹೊರಗೆ ಬಿಟ್ಟು ಬಾ” ಎಂದು ನಾನು ಹೇಳಿದ್ದು ನಿನ್ನ ಮನಸ್ಸಿಗೆ ನೋವಾಗಿದೆ, ಅದಕ್ಕೆ ಕ್ಷಮೆ ಇರಲಿ. ನಾವು ಮೈಲಾರಲಿಂಗನ ಒಕ್ಕಲು; ಗೊರವಯ್ಯಗಳು ನಾಯಿಗಳಂತೆ ಬೊಗಳುತ್ತಾ ದೋಣಿಯೆಂಬ ಪಾತ್ರೆಯಲ್ಲಿನ ಪ್ರಸಾದ ತಿನ್ನುವಾಗ ಕೈಮುಗಿದು ನಿಂತವರು. ನಮ್ಮ ಬಾಯಲ್ಲಿ ಆ ಮಾತು ಬರಬಾರದು. ಮರಿಯನ್ನು ಹೊರಗೆ ಬಿಟ್ಟರೆ ಹತ್ತು ದಿನ ಗಮನಿಸುವುದೂ ಆಗುವುದಿಲ್ಲ. ಅದು ಅಂಗಳದಲ್ಲಿಯೇ ಇರಲಿ. ದನಿ ಒಡೆಯುವುದು, ಕತ್ತಲೆಗೆ ಸರಿಯುವುದು, ಮಣ್ಣು ಕಟ್ಟಿಗೆ ಕಡಿಯುವುದು, ನುಂಗಲು ಕಷ್ಟಪಡುವುದು, ಹಿಂಗಾಲು ತಡವರಿಸುವುದು, ಇವುಗಳಲ್ಲಿ ಒಂದು ಕಂಡರೂ ಮುಟ್ಟದೆ ಬಾಗಿಲು ಹಾಕಿ ಪಶು ಆಸ್ಪತ್ರೆಗೂ ನನಗೂ ತಿಳಿಸು. ಮಂಗಳವಾರ ಸಂಜೆಯವರೆಗೆ ಹೀಗೆ ನೋಡಿಕೊಂಡು, ಆಮೇಲೆ ಅವನಿಗೆ ರೇಬೀಸ್ ಲಸಿಕೆ ಹಾಕಿಸು. ಮೂರು ತಿಂಗಳು ತುಂಬಿದ ಮರಿಗೆ ಅದನ್ನು ಕೊಡಬಹುದು, ಮುಂದೆ ವರ್ಷಕ್ಕೊಮ್ಮೆ ತಪ್ಪಿಸಬಾರದು. ರಕ್ತಭೇದಿಯಾಗಿ ಮರಿಗಳನ್ನು ಕೊಲ್ಲುವ ಪಾರ್ವೊ ರೋಗದ ಲಸಿಕೆಯನ್ನೂ, ಜಂತುಹುಳದ ಔಷಧವನ್ನೂ ಅಲ್ಲಿಯೇ ಕೇಳು.

ಅವನು ನಿನ್ನನ್ನು ಕಚ್ಚಿದ್ದು ಬಾಯಲ್ಲಿದ್ದ ಚಪ್ಪಲಿಯನ್ನು ನೀನು ಎಳೆದಾಗ. ಅದರಲ್ಲಿ ದ್ವೇಷವಿಲ್ಲ. ಮರಿಗಳು ಎಷ್ಟು ಮೆಲ್ಲಗೆ ಕಚ್ಚಬೇಕೆಂಬುದನ್ನು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ ಕಲಿಯುತ್ತವೆ. ಬೇಗ ತಾಯಿಯನ್ನು ಅಗಲಿದ ಬೀದಿ ಮರಿಗೆ ಆ ಪಾಠ ಸಿಕ್ಕಿರುವುದಿಲ್ಲ. ಕಚ್ಚುವ ಮುಂಚೆ ನಾಯಿ ತಿಳಿಸುತ್ತದೆ. ಮೈ ಬಿಗಿಯುತ್ತದೆ, ಮುಖ ತಿರುಗಿಸಿಕೊಂಡೇ ಕಣ್ಣಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆ ಆಕಳಿಸುತ್ತದೆ, ಗುರ್ ಎನ್ನುತ್ತದೆ. ಬಾಲ ಅಲ್ಲಾಡಿತೆಂದರೆ ಸಂತೋಷವೆಂದೇ ಅಲ್ಲ, ಮೇಲಕ್ಕೆ ಸೆಟೆದು ಸಣ್ಣಗೆ ಅಲುಗುವ ಬಾಲ ಎಚ್ಚರಿಕೆಯದು. ಗುರ್ ಎಂದಿದ್ದಕ್ಕೆ ಅವನನ್ನು ಹೊಡೆಯಬೇಡ. ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ. ಆಮೇಲೆ ಅದು ಹೇಳದೆ ಕಚ್ಚುತ್ತದೆ. ಬಾಯಲ್ಲಿರುವುದು ಬೇಕಾದಾಗ ಬೇಯಿಸಿದ ಕೋಳಿಯ ಚೂರನ್ನು ಮೂಗಿನ ಹತ್ತಿರ ಹಿಡಿ, ಅದಾಗಿಯೇ ಬಿಡುತ್ತದೆ. ನಾಲ್ಕನೆಯ ತಿಂಗಳಿನಿಂದ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಕಡಿಯುವ ಚಪಲ ಇನ್ನೂ ಹೆಚ್ಚುತ್ತದೆ, ಅಗಿಯಲು ಗಟ್ಟಿ ರಬ್ಬರಿನದೇನನ್ನಾದರೂ ಕೊಡು.

ಬರೀ ಹಾಲು ಅನ್ನ ಸಾಲದು. ಹಾಲಿನಿಂದ ಎಷ್ಟೋ ಮರಿಗಳಿಗೆ ಭೇದಿಯಾಗುತ್ತದೆ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ ಸೇರಿಸು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟ್ ಅವನಿಗೆ ವಿಷ. ಮೈ ಬಿಸಿಯೆನಿಸಿತೆಂದು ನಿನ್ನ ಜ್ವರದ ಮಾತ್ರೆಯನ್ನು ಮುರಿದು ಕೊಡಬೇಡ. ನಾಯಿಯ ಮೈಶಾಖವೇ ನಮ್ಮದಕ್ಕಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನಮ್ಮ ಮಾತ್ರೆಗಳು ಅದರ ಯಕೃತ್ತನ್ನು, ಮೂತ್ರಪಿಂಡವನ್ನು ಕೆಡಿಸುತ್ತವೆ. ಸಂಜೆ ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ ರಕ್ತ ಹೀರುವ ಉಣ್ಣೆಹುಳ ಹುಡುಕು. ನೋಡು, ಮತ್ತೆ ಪಾಠ ಮಾಡುವುದಕ್ಕೆ ತೊಡಗಿದೆ.

ನಾಟಿ ಮರಿಯನ್ನು ಬಿಟ್ಟು ಹಸ್ಕಿ ತೆಗೆದುಕೊ ಎಂದು ನಿನ್ನ ಸಹೋದ್ಯೋಗಿಗಳು ಹೇಳಿದರಂತೆ. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯಲು ಎರಡು ಪದರದ ಕೂದಲು ಹೊತ್ತು ಹುಟ್ಟಿದ ಪ್ರಾಣಿಯನ್ನು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ತಂದು ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು, ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ಅದಕ್ಕಾದರೂ ಓಡಲು ಬಯಲು ಬೇಕು. ನಿನ್ನ ಕೋಣೆಗೆ, ನಮ್ಮ ಹವೆಗೆ ಕರಿಯನೇ ಸರಿ. ಯಾರೂ ಕರೆದುಕೊಳ್ಳದ ಮರಿಯನ್ನು ನೀನು ಎತ್ತಿಕೊಂಡೆ, ಅದು ನನಗೆ ಇಷ್ಟವಾಯಿತು.

ಹತ್ತು ದಿನ ಕಳೆದ ಮೇಲೆ 28ನೆಯ ದಿನದ ಡೋಸಿನ ಬಗ್ಗೆ ವೈದ್ಯರು ಹೇಳಿದಂತೆ ನಡೆ, ನಿನ್ನ ಸ್ನೇಹಿತರು ಹೇಳಿದಂತೆ ಅಲ್ಲ. ಅದೂ ಶನಿವಾರವೇ ಬರುತ್ತದೆ. ಹಾಕಿಸಬೇಕೆಂದರೆ ಅಂದು ನಾನೇ ಬಂದು ನಿನ್ನನ್ನು ಕರೆದೊಯ್ಯುತ್ತೇನೆ, ಬೇಡವೆನ್ನಬೇಡ.

ಇನ್ನೊಂದು ಮಾತು. ಮನೆ ಮಾಲೀಕರ ಮೊಮ್ಮಗ ಶಾಲೆಯಿಂದ ಬಂದ ಕೂಡಲೇ ಕರಿಯನ ಜೊತೆ ಆಡುತ್ತಾನೆ ಎಂದಿದ್ದೆ. ಆ ಹುಡುಗನ ಕೈಕಾಲುಗಳನ್ನು ನಾಳೆ ಒಮ್ಮೆ ನೋಡು. ಹಲ್ಲು ತಾಗಿತ್ತೇ, ಉಗುರು ಗೀರಿತ್ತೇ, ತರಚಿದ ಜಾಗವನ್ನು ನೆಕ್ಕಿತ್ತೇ ಎಂದು ಗದರದೆ ಕೇಳು. ಗದರಿದರೆ ಮಕ್ಕಳು ಮುಚ್ಚಿಡುತ್ತವೆ. ಹೌದೆಂದರೆ ಗಾಯವನ್ನು ಅಲ್ಲಿಯೇ ಸಾಬೂನು ಹಚ್ಚಿ ತೊಳೆಸಿ, ಅವನನ್ನೂ ಅವನ ತಾಯಿಯನ್ನೂ ನಿಮ್ಮ ಜೊತೆಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಂತಿ,
ನಿನ್ನ ಅಪ್ಪ