ಕೂಸು ಹುಟ್ಟುವ ಮುಂಚೆ ಕುಲಾವಿ ಇನ್ನು ಹೊಲಿಯುವುದಿಲ್ಲ

ಪ್ರಿಯ ಗ್ರಾಹಕರಿಗೆ, ನಮ್ಮ ಸಿನಿಮಾ ಡಿಸ್ಕ್ ಸಂಘದ ಸದಸ್ಯರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ, ಕತೆ ಆಮೇಲೆ. ಬರುವ ತಿಂಗಳ 1ನೇ ತಾರೀಕಿನಿಂದ, ಡಿಸ್ಕ್ ಹೊರತರುವ ಕಂಪನಿ ತಾನೇ ದಿನಾಂಕ ಸಮೇತ ಘೋಷಣೆ ಮಾಡದ ಯಾವ ಹಳೆಯ ಸಿನಿಮಾಕ್ಕೂ ನಾವು ಮುಂಗಡ ಹಣ ತೆಗೆದುಕೊಳ್ಳುವುದಿಲ್ಲ. ಡಿವಿಡಿ, ಬ್ಲೂ-ರೇ, 4ಕೆ ಮೂರಕ್ಕೂ ಇದೇ ನಿಯಮ. ಈಗಾಗಲೇ ಹಾಗೆ ಕಟ್ಟಿರುವ ಹಣವನ್ನು ಪೂರ್ತಿ ವಾಪಸ್ ಕೊಡುತ್ತೇವೆ. ಹೇಗೆ ಅನ್ನೋದನ್ನು ಕೊನೆಯಲ್ಲಿ ಬರೆದಿದ್ದೇವೆ. ಅವಸರ ಇದ್ದವರು ನೇರ ಅಲ್ಲಿಗೇ ಹೋಗಬಹುದು.

ಉಳಿದವರು ಸ್ವಲ್ಪ ಕೂತ್ಕೊಳ್ಳಿ.

ಇದೆಲ್ಲ ಶುರುವಾಗಿದ್ದು ಹಸಿರು ರಟ್ಟಿನ ಒಂದು ರಿಜಿಸ್ಟರಿನಿಂದ. ಲೆಕ್ಕ ಬರೆಯೋಕೆ ಅಂತ ತಂದಿದ್ದ ಪುಸ್ತಕ ಅದು. ಒಂದು ದಿನ ಸದಸ್ಯರೊಬ್ಬರು ಬಿಲ್ ಮಾಡಿಸುತ್ತಾ, ಅವರಿಗೆ ಇಷ್ಟವಾದ ಒಂದು ಹಳೇ ಸಿನಿಮಾ ಬ್ಲೂ-ರೇಯಲ್ಲಿ ಯಾವಾಗ ಬರುತ್ತೆ ಅಂತ ಕೇಳಿದರು. ಗೊತ್ತಿಲ್ಲ ಸಾರ್, ಬರೆದಿಟ್ಟುಕೊಳ್ತೀವಿ ಅಂದೆವು. ಮುಂದಿನ ವಾರ ನೋಡಿದರೆ ಅದರ ಕೆಳಗೆ ಬೇರೆ ಕೈಬರಹದಲ್ಲಿ "ಬರಲ್ಲ, ಹಕ್ಕು ಬೇರೆಯವರ ಹತ್ರ ಇದೆ" ಅಂತ ಇತ್ತು. ಅದರ ಪಕ್ಕದಲ್ಲೇ ಇನ್ಯಾರೋ ಪೆನ್ಸಿಲಿನಲ್ಲಿ "ಆ ಹಕ್ಕು ಮುಗಿಯುತ್ತೆ, ಕಾಯಿರಿ" ಅಂತ ಬರೆದಿದ್ದರು. ಅಲ್ಲಿಗೆ ಲೆಕ್ಕದ ಪುಸ್ತಕ ಊಹೆಯ ಪುಸ್ತಕ ಆಯಿತು. ಲೆಕ್ಕಕ್ಕೆ ಬೇರೆ ಪುಸ್ತಕ ತಂದೆವು.

ನಿಮ್ಮ ಊಹೆಗಳನ್ನು ನಾವು ಯಾವತ್ತೂ ಹಗುರವಾಗಿ ತೆಗೆದುಕೊಂಡಿಲ್ಲ. ಅದು ಗಾಳಿಯಲ್ಲಿ ಗುಂಡು ಹಾರಿಸುವ ಕೆಲಸ ಅಲ್ಲ ಅಂತ ನಿಮ್ಮಿಂದಲೇ ಕಲಿತಿದ್ದೇವೆ. ಹಳೇ ಸಿನಿಮಾಗಳ ಡಿಸ್ಕ್ ಹೊರತರುವ ಅಮೆರಿಕದ ಕ್ರೈಟೀರಿಯನ್ ಕಂಪನಿ ಪ್ರತಿ ತಿಂಗಳ ಮಧ್ಯದಲ್ಲಿ, ಸುಮಾರು ಮೂರು ತಿಂಗಳ ನಂತರ ಬರುವ ಡಿಸ್ಕುಗಳ ಪಟ್ಟಿ ಬಿಡುತ್ತದೆ. ಹೊಸ ವರ್ಷದ ಹೊತ್ತಿಗೆ ಒಂದು ತಮಾಷೆಯ ರೇಖಾಚಿತ್ರ ಬರೆಸಿ, ಅದರೊಳಗೆ ಆ ವರ್ಷ ಬರುವ ಸಿನಿಮಾಗಳ ಸುಳಿವು ಅಡಗಿಸಿಡುವ ರೂಢಿಯನ್ನೂ ಹಲವು ವರ್ಷ ಇಟ್ಟುಕೊಂಡಿತ್ತು. ಆ ಚಿತ್ರದ ಪ್ರಿಂಟ್ ತೆಗೆದು, ಭೂತಗನ್ನಡಿ ಹಿಡಿದು ಇಬ್ಬರು ಹಿರಿಯ ಸದಸ್ಯರು ನಮ್ಮ ಪ್ಯಾಕಿಂಗ್ ಮೇಜನ್ನು ಒಂದು ಇಡೀ ಮಧ್ಯಾಹ್ನ ಹಿಡಿದುಕೊಂಡಿದ್ದರು. ಒಬ್ಬರ ಪ್ರಕಾರ ಅದರಲ್ಲಿದ್ದ ಹಕ್ಕಿ ಕೊಕ್ಕರೆ. ಇನ್ನೊಬ್ಬರ ಪ್ರಕಾರ ಬಾತುಕೋಳಿ. ಕೊಕ್ಕರೆಯಾದರೆ ಒಂದು ಸಿನಿಮಾ, ಬಾತುಕೋಳಿಯಾದರೆ ಇನ್ನೊಂದು. ನಾವು ಆವತ್ತು ಪಾರ್ಸೆಲ್‌ಗಳನ್ನು ನೆಲದ ಮೇಲೆ ಕೂತು ಕಟ್ಟಿದೆವು.

ಬೇರೆ ಸುಳಿವುಗಳೂ ಇವೆ. ಇಟಲಿಯ ಬೊಲೋನ್ಯಾದಲ್ಲಿ 1986ರಿಂದ ಹಳೆಯ ಸಿನಿಮಾಗಳಿಗಾಗಿಯೇ ಒಂದು ಉತ್ಸವ ನಡೆಯುತ್ತಿದೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 2004ರಿಂದ ಕ್ಲಾಸಿಕ್ಸ್ ಅಂತ ಒಂದು ವಿಭಾಗವಿದೆ. ಅಲ್ಲಿ ರಿಸ್ಟೋರ್ ಆದ, ಅಂದರೆ ಹಳೇ ಫಿಲ್ಮನ್ನು ಸರಿಪಡಿಸಿ ಮಾಡಿದ, ಪ್ರಿಂಟ್ ತೋರಿಸಿದರು ಅಂದರೆ ಹಸಿರು ಪುಸ್ತಕದಲ್ಲಿ ಆ ಹೆಸರು ಅದೇ ವಾರ ಬೀಳುತ್ತದೆ. ಜೇನಸ್ ಫಿಲ್ಮ್ಸ್ ಹೊಸ ಪೋಸ್ಟರ್ ಹಾಕಿ ಹಳೇ ಸಿನಿಮಾವನ್ನು ಥಿಯೇಟರಿಗೆ ಬಿಟ್ಟರೆ, ಅದರ ಅಣ್ಣತಮ್ಮನಂತಿರುವ ಕ್ರೈಟೀರಿಯನ್ನಿನಿಂದ ಡಿಸ್ಕ್ ಹಿಂದೆಯೇ ಬರುತ್ತೆ ಅನ್ನೋದು ನಿಮ್ಮ ಲೆಕ್ಕ. ಇದು ಬಹಳ ಸಲ ಸರಿ ಹೋಗಿದೆ, ಒಪ್ಪುತ್ತೇವೆ.

ಹಾಗಾದರೆ ತೊಂದರೆ ಎಲ್ಲಾಯಿತು?

ತೊಂದರೆ ನಮ್ಮಿಂದಲೇ ಆಯಿತು. ಬ್ರಿಟನ್ನಿನಲ್ಲಿ ಡಿಸ್ಕ್ ಮಾರಬೇಕಾದರೆ ಯಾವ ವಯಸ್ಸಿನವರು ನೋಡಬಹುದು ಅನ್ನುವ ಸರ್ಟಿಫಿಕೇಟ್ ಅಲ್ಲಿನ ಬಿಬಿಎಫ್‌ಸಿ ಮಂಡಳಿಯಿಂದ ಬೇಕು. ಸಿನಿಮಾದ ಹೆಸರು, ಅವಧಿ ಎಲ್ಲ ಆ ಮಂಡಳಿಯ ಪಟ್ಟಿಯಲ್ಲಿ ಬರುತ್ತದೆ. ಅಲ್ಲಿ ಒಂದು ಹೆಸರು ಕಂಡ ಕೂಡಲೇ ನಮ್ಮಲ್ಲೊಬ್ಬರು, ಅಂದರೆ ಈ ಪತ್ರ ಬರೆಯುತ್ತಿರುವ ನಾನೇ, ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಿಂದ "ಖಚಿತ" ಅಂತ ಬರೆದೆ. ಕೆಂಪು ಪೆನ್ನು ಅಂದರೆ ಸಂಘದ ಮಾತು ಅಂತ ನೀವು ತಿಳಿದಿರಿ, ಅದು ನ್ಯಾಯವೇ. ಹತ್ತಾರು ಜನ ದುಡ್ಡು ಕಟ್ಟಿದಿರಿ. ಆಮೇಲೆ ನೋಡಿದರೆ ಆ ಸರ್ಟಿಫಿಕೇಟ್ ಥಿಯೇಟರಿನ ಮರುಬಿಡುಗಡೆಗೆ ಕೊಟ್ಟಿದ್ದು. ಯಾವುದಕ್ಕೆ ಅಂತ ಪಕ್ಕದಲ್ಲೇ ಬರೆದಿತ್ತು. ನಾನು ಪಕ್ಕ ನೋಡಲಿಲ್ಲ.

ಡಿಸ್ಕ್ ಇವತ್ತಿನವರೆಗೂ ಬಂದಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ ಏನೆಂದರೆ, ನಿಮ್ಮ ದುಡ್ಡು ನಮ್ಮ ಹತ್ತಿರ ಸುಮ್ನೆ ಕೂತಿರಲಿಲ್ಲ. ಅದರಲ್ಲಿ ಬೇರೆ ಡಿಸ್ಕುಗಳನ್ನು ತರಿಸಿ ಕಪಾಟು ತುಂಬಿಸಿದ್ದೆವು. ಒಬ್ಬರು ಫೋನ್ ಮಾಡಿ "ಬರದಿದ್ದರೆ ಪರವಾಗಿಲ್ಲಪ್ಪ, ದುಡ್ಡು ವಾಪಸ್ ಕೊಡಿ" ಅಂದಾಗ, ಒಂದು ವಾರ ಟೈಮ್ ಕೊಡಿ ಸಾರ್ ಅಂತ ಕೇಳಬೇಕಾಯಿತು. ಆ ಫೋನ್ ಇಟ್ಟ ಮೇಲೆ ಸಂಘದ ಸಭೆ ಕರೆದೆವು. ಈ ನಿಯಮ ಬಂದಿದ್ದು ಆ ಸಭೆಯಲ್ಲಿ.

ಸಭೆಯಲ್ಲಿ ಎಲ್ಲರೂ ಒಪ್ಪಿರಲಿಲ್ಲ. "ಇಷ್ಟು ದೊಡ್ಡ ಉತ್ಸವದಲ್ಲಿ ತೋರಿಸಿದ್ದಾರೆ, ಡಿಸ್ಕ್ ಮಾಡದೆ ಬಿಡ್ತಾರಾ?" ಅನ್ನೋ ಪ್ರಶ್ನೆ ಬಂತು. ಬಿಡುವುದಿಲ್ಲ ಇರಬಹುದು, ಆದರೆ ಯಾವಾಗ? ತೈವಾನಿನ ಎಡ್ವರ್ಡ್ ಯಾಂಗ್ ಅವರ 1991ರ 'ಎ ಬ್ರೈಟರ್ ಸಮ್ಮರ್ ಡೇ' ನೋಡಿ. ಹತ್ತಿರಹತ್ತಿರ ನಾಲ್ಕು ಗಂಟೆಯ ಸಿನಿಮಾ. 2009ರಲ್ಲಿ ರಿಸ್ಟೋರ್ ಆಯಿತು. ಕ್ರೈಟೀರಿಯನ್ ಡಿಸ್ಕ್ ಬಂದಿದ್ದು 2016ರಲ್ಲಿ. ಊಹೆ ಸರಿಯಾಗಿಯೇ ಇತ್ತು, ಏಳು ವರ್ಷ ತಡವಾಯಿತು ಅಷ್ಟೇ. ಏಳು ವರ್ಷ ಯಾರದೋ ಮುಂಗಡ ಇಟ್ಟುಕೊಂಡು ಕೂರೋಕೆ ಆಗುತ್ತಾ?

ಘೋಷಣೆ ಆದ ಮೇಲೂ ತಡವಾಗುವುದುಂಟು. ಇದರಲ್ಲಿ ನನಗೆ ಜಾಸ್ತಿ ಇಷ್ಟವಾದ ಕತೆ ಜಾನ್ ರೆನ್ವಾ ಅವರ 1937ರ 'ಗ್ರಾಂಡ್ ಇಲ್ಯೂಷನ್' ಸಿನಿಮಾದ್ದು. ಕ್ರೈಟೀರಿಯನ್ 1998ರಲ್ಲಿ ಡಿವಿಡಿ ಶುರು ಮಾಡಿದಾಗ 1ನೇ ನಂಬರನ್ನು ಇದಕ್ಕೇ ಮೀಸಲಿಟ್ಟಿತ್ತು. ಆದರೆ ಮೊದಲು ಕಪಾಟಿಗೆ ಬಂದಿದ್ದು 2ನೇ ನಂಬರಿನ 'ಸೆವೆನ್ ಸಮುರಾಯ್'. ಯಾಕಂದರೆ ರೆನ್ವಾ ಸಿನಿಮಾದ ಮೂಲ ಕ್ಯಾಮೆರಾ ನೆಗೆಟಿವ್, ಅಂದರೆ ಶೂಟಿಂಗ್ ಮಾಡುವಾಗ ಕ್ಯಾಮೆರಾದೊಳಗಿದ್ದ ಫಿಲ್ಮೇ, ಸಿಕ್ಕಿಬಿಟ್ಟಿತ್ತು. ಕಳೆದೇ ಹೋಯಿತು ಅಂದುಕೊಂಡಿದ್ದ ನೆಗೆಟಿವ್ ಅದು. ಯುದ್ಧದ ಕಾಲದಲ್ಲಿ ಜರ್ಮನ್ನರು ಅದನ್ನು ಬರ್ಲಿನ್ನಿಗೆ ಒಯ್ದಿದ್ದರು. ಅಲ್ಲಿಂದ ಸೋವಿಯತ್ ಸೇನೆಯ ಕೈಗೆ ಸಿಕ್ಕಿ ಮಾಸ್ಕೋಗೆ ಹೋಯಿತು. ಕೊನೆಗೆ ಫ್ರಾನ್ಸಿನ ತುಲೂಸ್ ನಗರದ ಸಂಗ್ರಹಾಲಯಕ್ಕೆ ಬಂದು, ಅದು ಏನು ಅಂತ ಯಾರಿಗೂ ಗೊತ್ತಿಲ್ಲದೆ ವರ್ಷಗಟ್ಟಲೆ ಡಬ್ಬದಲ್ಲಿ ಕೂತಿತ್ತು. ಒಳ್ಳೆಯ ನೆಗೆಟಿವ್ ಸಿಕ್ಕ ಮೇಲೆ ಹಳೇ ಪ್ರಿಂಟಿನಿಂದ ಡಿಸ್ಕ್ ಮಾಡುವುದು ಯಾರಿಗೆ ಬೇಕು? 1ನೇ ನಂಬರಿನ ಡಿಸ್ಕ್ 1999ರಲ್ಲಿ ಬಂತು. ಕಾದವರಿಗೆ ನಷ್ಟವಾಗಲಿಲ್ಲ.

ಕತೆ ಅಲ್ಲಿಗೂ ಮುಗಿಯಲಿಲ್ಲ. 2010ರಲ್ಲಿ ಹಕ್ಕು ಇದ್ದ ಸ್ಟುಡಿಯೋಕನಾಲ್ ಜೊತೆಗಿನ ಲೈಸೆನ್ಸ್ ಮುಗಿದು, ಇದೂ 'ದ ಥರ್ಡ್ ಮ್ಯಾನ್' ಕೂಡ ಕ್ರೈಟೀರಿಯನ್ ಪಟ್ಟಿಯಿಂದ ಹೊರಗೆ ಹೋದವು. ಇದ್ದ ಸ್ಟಾಕ್ ಮುಗಿಯಿತು ಅಂದರೆ ಮುಗಿಯಿತು. ಡಿಸ್ಕ್ ಕಂಪನಿಗಳಲ್ಲಿ ಹೆಚ್ಚಿನವು ಸಿನಿಮಾದ ಮಾಲೀಕರಲ್ಲ, ಬಾಡಿಗೆದಾರರು. ಇಷ್ಟು ವರ್ಷಕ್ಕೆ, ಇಷ್ಟು ದೇಶಗಳಿಗೆ ಅಂತ ಬರೆಸಿಕೊಂಡಿರುತ್ತಾರೆ. ಹಸಿರು ಪುಸ್ತಕದ ಪೆನ್ಸಿಲ್ ಬರಹದವರು ಹೇಳಿದ್ದು ಇದನ್ನೇ, ಅವರ ಮಾತು ಎರಡು ಕಡೆಗೂ ಸತ್ಯ. ಹಕ್ಕು ಮುಗಿದರೆ ಒಬ್ಬರಿಗೆ ಡಿಸ್ಕ್ ಬರಬಹುದು, ಇನ್ನೊಬ್ಬರಿಂದ ಹೋಗಲೂಬಹುದು.

ಹಕ್ಕು ಯಾರ ಹತ್ತಿರ ಇರುತ್ತೆ ಅನ್ನೋದೂ ಒಂದೊಂದು ಸಲ ನಗು ಬರಿಸುತ್ತದೆ. 1972ರ 'ದ ಹಾರ್ಟ್‌ಬ್ರೇಕ್ ಕಿಡ್' ಅನ್ನುವ ಹಾಸ್ಯ ಸಿನಿಮಾದ ಹಕ್ಕು ಹೋಗಿ ಸೇರಿದ್ದು ಒಂದು ಔಷಧಿ ಕಂಪನಿಯ ಕೈಗೆ. ಹಳೇ ಡಿವಿಡಿ ಖಾಲಿಯಾದ ಮೇಲೆ ಅದು ವರ್ಷಗಟ್ಟಲೆ ಸಿಗಲೇ ಇಲ್ಲ. ಮಾತ್ರೆ ಮಾರುವವರಿಗೆ ಸಿನಿಮಾದ ನೆನಪು ಯಾಕೆ ಬರಬೇಕು ಹೇಳಿ. ಇನ್ನು ಹಾಡಿನ ಹಕ್ಕು ಬೇರೆ. ಥಿಯೇಟರಿಗೆ ಅಂತ ಮಾತ್ರ ಬರೆಸಿಕೊಂಡ ಹಾಡಿಗೆ ಹೋಮ್ ವಿಡಿಯೋ ಬಂದ ಮೇಲೆ ಮತ್ತೆ ದುಡ್ಡು ಕೊಡಬೇಕು. ಎರಡು ನಿಮಿಷದ ಹಾಡು ಎರಡು ಗಂಟೆಯ ಸಿನಿಮಾವನ್ನು ತಡೆದು ನಿಲ್ಲಿಸಬಹುದು.

ಹಾಗಂತ ಊಹಿಸುವುದೇ ದಂಡ ಅಂತ ನಾವು ಹೇಳುತ್ತಿಲ್ಲ. ಸತ್ಯಜಿತ್ ರಾಯ್ ಅವರ ಅಪು ಸರಣಿಯ ಮೂರು ಸಿನಿಮಾಗಳ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರ ಬೆಂಕಿಗೆ ಸಿಕ್ಕಿದ್ದವು. ಅದಾದ ಮೇಲೆ ಈ ಮೂರೂ ಒಳ್ಳೆಯ ಡಿಸ್ಕಿನಲ್ಲಿ ಬರುತ್ತವೆ ಅಂತ ಯಾರಾದರೂ ಬರೆದಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಸುಟ್ಟು ಮುರುಟಿದ ಆ ಫಿಲ್ಮಿಗೆ ಬೊಲೋನ್ಯಾದ ಲ್ಯಾಬಿನಲ್ಲಿ ಮತ್ತೆ ತೇವ ಕೊಟ್ಟು, ಕೈಯಿಂದಲೇ ರಿಪೇರಿ ಮಾಡಿ, ಸ್ಕ್ಯಾನ್ ಮಾಡಿದರು. ಉಳಿಯದ ಭಾಗಕ್ಕೆ ಬೇರೆ ಕಡೆಯ ಪ್ರಿಂಟ್ ಹುಡುಕಿದರು. 2015ರಲ್ಲಿ ಡಿಸ್ಕ್ ಬಂತು. ನಗುವ ಮುಂಚೆ ಯೋಚಿಸಬೇಕು ಅಂತ ಆವತ್ತಿನಿಂದ ನಮಗೆ ಗೊತ್ತಾಗಿದೆ.

ನಿಮ್ಮ ಭಯವೂ ಅರ್ಥವಾಗುತ್ತದೆ. ಈಗಿನ ಡಿಸ್ಕುಗಳು ಕಡಿಮೆ ಪ್ರತಿ ಅಚ್ಚಾಗುತ್ತವೆ. ಟ್ವೈಲೈಟ್ ಟೈಮ್ ಅನ್ನುವ ಕಂಪನಿ 2011ರಿಂದ ಒಂದೊಂದು ಸಿನಿಮಾಕ್ಕೆ ಸಾಮಾನ್ಯವಾಗಿ 3,000 ಪ್ರತಿ ಅಂತ ಹಾಕುತ್ತಿತ್ತು, 2020ರಲ್ಲಿ ಬಾಗಿಲು ಹಾಕುತ್ತೇವೆ ಅಂತ ಹೇಳಿತು. ಅದರ ಕೆಲವು ಡಿಸ್ಕುಗಳಿಗೆ ಇವತ್ತಿಗೂ ಜನ ಹುಡುಕಾಡುತ್ತಾರೆ. ಮೊದಲೇ ದುಡ್ಡು ಕಟ್ಟಿದರೆ ತಪ್ಪಿಹೋಗಲ್ಲ ಅಂತ ನೀವು ಕಟ್ಟುತ್ತಿದ್ದಿರಿ. ನಿಜ ಹೇಳಬೇಕೆಂದರೆ, ಘೋಷಣೆಗೆ ಮುಂಚೆ ನೀವು ಕಟ್ಟಿದ ದುಡ್ಡಿನಿಂದ ನಮಗೆ ಕಂಪನಿಯ ಹತ್ತಿರ ಒಂದು ಪ್ರತಿಯೂ ಜಾಸ್ತಿ ಸಿಗುತ್ತಿರಲಿಲ್ಲ. ಕಂಪನಿ ಬುಕಿಂಗ್ ತೆರೆಯುವುದೇ ಘೋಷಣೆಯ ನಂತರ. ಕೂಸು ಹುಟ್ಟುವ ಮುಂಚೆ ನಾವು ಹೊಲಿಸಿದ ಕುಲಾವಿ ಅದು.

ಹಾಗಾಗಿ ಇನ್ನು ಮುಂದೆ ಹೀಗೆ. ಹಸಿರು ಪುಸ್ತಕ ಇದ್ದಲ್ಲೇ ಇರುತ್ತದೆ. ಊಹೆ ಬರೆಯಿರಿ, ಜಗಳ ಆಡಿ, ಪೆನ್ಸಿಲ್ ದಾರಕ್ಕೆ ಕಟ್ಟಿದ್ದೇವೆ. ಯಾವ ಸಿನಿಮಾ ಬೇಕು ಅನ್ನುವವರು ಅದರ ಎದುರು ಹೆಸರು, ಫೋನ್ ನಂಬರ್ ಬರೆದರೆ ಸಾಕು. ಡಿಸ್ಕ್ ಘೋಷಣೆಯಾದ ದಿನ ಬರೆದ ಕ್ರಮದಲ್ಲೇ ಫೋನ್ ಮಾಡುತ್ತೇವೆ. ಬೇಕು ಅಂದರೆ ಮೂರು ದಿನದೊಳಗೆ ಹಣ ಕಟ್ಟಬೇಕು. ಕಟ್ಟದಿದ್ದರೆ ಮುಂದಿನವರಿಗೆ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬಾರದು. ಘೋಷಣೆ ಅಂದರೆ ಕಂಪನಿಯದೇ ಪ್ರಕಟಣೆ, ತಾರೀಕು ಇರಬೇಕು. ಉತ್ಸವದ ಪಟ್ಟಿ, ಸರ್ಟಿಫಿಕೇಟ್, ಪೋಸ್ಟರ್, ಚಿತ್ರದೊಳಗಿನ ಬಾತುಕೋಳಿ ಯಾವುದೂ ಲೆಕ್ಕಕ್ಕಿಲ್ಲ. ಕಂಪನಿಯೇ ತಾರೀಕು ಮುಂದೂಡಿದರೆ, ಕಾಯುವುದೋ ಹಣ ವಾಪಸ್ ಪಡೆಯುವುದೋ ನಿಮಗೆ ಬಿಟ್ಟಿದ್ದು. ಇನ್ನು ನಿಮ್ಮ ಮುಂಗಡ ಬೇರೆ ಖಾತೆಯಲ್ಲೇ ಇರುತ್ತದೆ, ಕಪಾಟು ತುಂಬಿಸೋಕೆ ಮುಟ್ಟುವುದಿಲ್ಲ.

ಬೇಕಾದ ಸಿನಿಮಾದ ಹೆಸರಿನ ಜೊತೆ ನಿಮ್ಮ ಪ್ಲೇಯರ್ ಯಾವ ರೀಜನ್ನಿನದು ಅಂತಲೂ ಬರೆಯಿರಿ. ಬ್ಲೂ-ರೇಯಲ್ಲಿ ದೇಶಗಳನ್ನು ಎ, ಬಿ, ಸಿ ಅಂತ ಮೂರು ರೀಜನ್ ಮಾಡಿದ್ದಾರೆ, ಒಂದಕ್ಕೆ ಅಂತ ಬೀಗ ಹಾಕಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಬಿ ಡಿಸ್ಕ್ ತರಿಸಿಕೊಂಡು ಎ ಪ್ಲೇಯರಿಗೆ ಹಾಕಿ, ಡಿಸ್ಕ್ ಹಾಳಾಗಿದೆ ಅಂತ ವಾಪಸ್ ಕಳಿಸಿದವರು ನಮ್ಮಲ್ಲಿದ್ದಾರೆ. 4ಕೆ ಡಿಸ್ಕಿಗೆ ಈ ತಾಪತ್ರಯ ಇಲ್ಲ.

ಇನ್ನು ವಾಪಸ್ ಹಣದ ವಿಷಯ. ಘೋಷಣೆಯಾಗದ ಸಿನಿಮಾಗಳಿಗೆ ಕಟ್ಟಿದ್ದ ಎಲ್ಲರ ಪಟ್ಟಿ ಸಿದ್ಧವಿದೆ. ಹಣ ನೀವು ಕಟ್ಟಿದ್ದ ದಾರಿಯಲ್ಲೇ ಬರುತ್ತದೆ. ಖಾತೆಯಿಂದ ಕಳಿಸಿದ್ದವರಿಗೆ ಖಾತೆಗೆ, ಕೈಯಲ್ಲಿ ಕೊಟ್ಟಿದ್ದವರಿಗೆ ಕೈಗೆ. ರಸೀದಿ ಕಳೆದುಹೋಗಿದ್ದರೆ ಚಿಂತೆ ಬೇಡ, ನಮ್ಮ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಅದರ ಬದಲು ಬೇರೆ ಡಿಸ್ಕ್ ತಗೊಳ್ಳಿ ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ. ನೀವಾಗಿ ಕೇಳಿದರೆ ಕೊಡುತ್ತೇವೆ. ನೀವು ಬರೆಸಿದ್ದ ಸಾಲು ನಂಬರ್ ಹಾಗೇ ಇರುತ್ತದೆ, ಹಣ ವಾಪಸ್ ಪಡೆದಿದ್ದಕ್ಕೆ ಹಿಂದೆ ಹೋಗುವುದಿಲ್ಲ. ತಿಂಗಳ ಕೊನೆಯೊಳಗೆ ಹಣ ಬರದಿದ್ದರೆ ಒಂದು ಫೋನ್ ಮಾಡಿ. ಈ ಸಲ ಟೈಮ್ ಕೇಳುವುದಿಲ್ಲ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ

ಮರೆತಿದ್ದೆ: ಆ ಹಕ್ಕಿ ಯಾವುದು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಆ ಪ್ರಿಂಟನ್ನು ರಿಜಿಸ್ಟರಿನ ಕೊನೇ ಪುಟಕ್ಕೆ ಅಂಟಿಸಿದ್ದೇವೆ. ಭೂತಗನ್ನಡಿ ಒಯ್ದವರು ದಯವಿಟ್ಟು ವಾಪಸ್ ತಂದಿಡಿ. ಕೆಂಪು ಪೆನ್ನನ್ನು ನನ್ನ ಕೈಗೆ ಸಿಗದ ಹಾಗೆ ಎತ್ತಿಟ್ಟಿದ್ದಾರೆ.